ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರುತ್ತಿದೆಯೇ? ಸಿಂಥೆಟಿಕ್ ಆಯಿಲ್ ಬದಲಿಸುವ ಹೊತ್ತು ಗೊತ್ತುಮಾಡುವ ಬಗೆ

ಎಂಜಿನ್ ಆಯಿಲ್ ಕಡಿಮೆಯಾದರೆ ಎಲ್ಲರಿಗೂ ಗಾಬರಿಯಾಗುತ್ತದೆ. ಹೆಚ್ಚಾಗಿದ್ದರೆ ಒಳ್ಳೆಯದೇ ಆಯಿತು ಎಂದುಕೊಂಡು ಬಾನೆಟ್ ಮುಚ್ಚುತ್ತಾರೆ. ಕಳೆದ ಮಳೆಗಾಲದಲ್ಲಿ ಸಕಲೇಶಪುರಕ್ಕೆ ಹೊರಡುವ ಮುನ್ನ ಬೆಳಿಗ್ಗೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದಾಗ ನನ್ನ ಕಾರಿನಲ್ಲಿ ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳಿನಷ್ಟು ಮೇಲಿತ್ತು. ಕಾರು ಬಿಎಸ್6 (ಹೊಗೆ ಮಾಲಿನ್ಯದ ಆರನೇ ಹಂತದ ನಿಯಮ) ಡೀಸೆಲ್, ಒಂದೂವರೆ ಲೀಟರ್ ಎಂಜಿನ್. ಹಾಕಿದ್ದು ಪೂರ್ಣ ಸಿಂಥೆಟಿಕ್ ಆಯಿಲ್. ಹಾಕಿಸಿ ಹನ್ನೊಂದು ತಿಂಗಳಾಗಿತ್ತು, ಓಡಿದ್ದು 6,400 ಕಿಲೋಮೀಟರ್. ಕಾರಿನ ಜೊತೆ ಬಂದ ಪುಸ್ತಕದ ಪ್ರಕಾರ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅಂದರೆ ಲೆಕ್ಕದಲ್ಲಿ ಆಯಿಲ್‌ಗೆ ಇನ್ನೂ ಆಯುಷ್ಯವಿತ್ತು. ಆದರೆ ಎಂಜಿನ್ನಿನ ಒಳಗೆ ಆಯಿಲ್ ತಾನಾಗಿ ಹುಟ್ಟುವುದಿಲ್ಲವಲ್ಲ. ಏನೋ ಬಂದು ಸೇರಿದೆ ಎಂದೇ ಅರ್ಥ.

ಆ ಪ್ರಯಾಣ ಮುಂದೂಡಿದೆ. ಆಮೇಲಿನ ಎರಡು ದಿನ ಏನೇನು ನೋಡಿದೆ, ಏನು ಸಿಕ್ಕಿತು, ಸಿಂಥೆಟಿಕ್ ಆಯಿಲ್ ಎಷ್ಟು ದಿನಕ್ಕೆ ಬದಲಿಸಬೇಕು ಎಂಬ ಪ್ರಶ್ನೆಗೆ ಅದರಿಂದ ಯಾವ ಉತ್ತರ ದೊರೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೆಟ್ರೋಲ್ ಕಾರಿನವರಿಗೂ ಬೈಕಿನವರಿಗೂ ಬೇಕಾದ ಲಕ್ಷಣಗಳನ್ನು ಕೊನೆಗೆ ಸೇರಿಸಿದ್ದೇನೆ.

ಮೊದಲು ಅಳತೆ ಸರಿಯಿದೆಯೇ ಎಂದು ನೋಡಿ

ದೋಷ ಹುಡುಕುವ ಮೊದಲು ಓದಿದ್ದು ಸರಿಯೇ ಎಂದು ಖಚಿತಮಾಡಿಕೊಳ್ಳಬೇಕು. ಕಾರು ಸಮತಟ್ಟಾದ ನೆಲದ ಮೇಲಿರಬೇಕು. ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಆಯಿಲ್ ಒಂದು ಕಡೆಗೆ ವಾಲಿ ಸುಳ್ಳು ಅಳತೆ ತೋರಿಸುತ್ತದೆ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷವಾದರೂ ಬಿಡಿ, ಮೇಲಿನ ಆಯಿಲ್ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಇಳಿಯಬೇಕು. ಡಿಪ್‌ಸ್ಟಿಕ್ ಮೊದಲ ಸಲ ಎಳೆದಾಗ ಕಾಣುವ ಗುರುತನ್ನು ನಂಬಬೇಡಿ. ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ಎರಡೂ ಬದಿ ನೋಡಿ. ಎರಡು ಬದಿಯಲ್ಲಿ ಬೇರೆ ಬೇರೆ ಎತ್ತರ ಕಂಡರೆ ಕೆಳಗಿನದೇ ಸರಿ.

ಇನ್ನೊಂದು ಅನುಮಾನ ಸಹಜ: ಸರ್ವಿಸ್‌ನಲ್ಲಿಯೇ ಹೆಚ್ಚು ಸುರಿದಿರಬಹುದೇ? ಹಾಗೆ ಆಗುವುದು ಅಪರೂಪವಲ್ಲ. ಆದ್ದರಿಂದಲೇ ಸರ್ವಿಸ್ ಆದ ಮರುದಿನ ಬೆಳಿಗ್ಗೆ ಡಿಪ್‌ಸ್ಟಿಕ್‌ನ ಒಂದು ಫೋಟೊ ತೆಗೆದಿಡುವುದು ನನ್ನ ಅಭ್ಯಾಸ. ಹಳೆಯ ಫೋಟೊದಲ್ಲಿ ಆಯಿಲ್ ಮೇಲಿನ ಗುರುತಿಗಿಂತ ಸ್ವಲ್ಪ ಕೆಳಗಿತ್ತು. ಹೀಗಾಗಿ ಆಯಿಲ್ ಏರಿದ್ದು ಆಮೇಲೆ, ನನ್ನ ಓಡಾಟದಲ್ಲಿಯೇ.

ಮೂಗು, ಕಾಗದ, ತಟ್ಟೆ

ಆಯಿಲ್‌ಗೆ ಸೇರಬಹುದಾದ ದ್ರವಗಳು ಎರಡೇ: ಇಂಧನ, ಇಲ್ಲವೇ ನೀರು ಅಥವಾ ಎಂಜಿನ್ ತಣಿಸುವ ಕೂಲಂಟ್. ಇವುಗಳಲ್ಲಿ ಯಾವುದು ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ.

ಡಿಪ್‌ಸ್ಟಿಕ್‌ನ ತುದಿ ಮೂಸಿದೆ. ಡೀಸೆಲ್ ವಾಸನೆ ಸ್ಪಷ್ಟವಾಗಿತ್ತು. ಮೂಗು ಮೋಸ ಹೋಗಬಹುದು ಎಂದು ದಪ್ಪನೆಯ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಟ್ಟು ಮೂರು ಗಂಟೆ ಹಾಗೆಯೇ ಇಟ್ಟೆ. ನಡುವೆ ಕಪ್ಪು ಚುಕ್ಕೆ, ಸುತ್ತ ಬೂದು ಬಣ್ಣದ ಉಂಗುರ, ಅದರ ಹೊರಗೆ ಎಣ್ಣೆಕಾಗದದಂತೆ ಬೆಳಕು ಹಾಯುವ ಅಗಲವಾದ ಇನ್ನೊಂದು ಉಂಗುರ. ತೆಳುವಾದ ಇಂಧನ ಆಯಿಲ್‌ಗಿಂತ ಮುಂದೆ ಓಡಿ ಕಾಗದದ ಅಂಚಿನ ಕಡೆ ಹರಡಿಕೊಳ್ಳುತ್ತದೆ, ಆ ಹೊರ ಉಂಗುರ ಅದರದೇ. ಹೋಲಿಕೆಗೆಂದು ಡಬ್ಬದಲ್ಲಿ ಉಳಿದಿದ್ದ ಹೊಸ ಆಯಿಲ್‌ನ ಹನಿಯನ್ನೂ ಪಕ್ಕದಲ್ಲಿಯೇ ಬಿಟ್ಟಿದ್ದೆ. ಅದು ಜೇನುತುಪ್ಪದ ಬಣ್ಣದಲ್ಲಿ ಒಂದೇ ಸಮನೆ ಹರಡಿತ್ತು. ನೀರು ಸೇರಿದ ಆಯಿಲ್ ಆಗಿದ್ದರೆ ನಡುವಿನ ಚುಕ್ಕೆಯ ಅಂಚು ನಯವಾಗಿರದೆ ಹರಿದಂತೆ ಕಾಣುತ್ತಿತ್ತು.

ಮೂರನೆಯದು ಅಡುಗೆಮನೆಯ ಸ್ಟೀಲ್ ತಟ್ಟೆಯ ಪರೀಕ್ಷೆ. ಒಂದೇ ತಾಪದಲ್ಲಿರುವ ಹೊಸ ಆಯಿಲ್ ಮತ್ತು ಹಳೆಯ ಆಯಿಲ್‌ನ ಒಂದೊಂದು ಹನಿಯನ್ನು ಅಕ್ಕಪಕ್ಕ ಇಟ್ಟು ತಟ್ಟೆ ಓರೆ ಮಾಡಿದೆ. ಹಳೆಯದು ತಟ್ಟೆಯ ಅಂಚಿಗೆ ಬಂದಾಗ ಹೊಸದು ಇನ್ನೂ ಅರ್ಧ ದಾರಿಯಲ್ಲಿತ್ತು. ಮಸಿ ತುಂಬಿದ ಡೀಸೆಲ್ ಆಯಿಲ್ ಸಾಮಾನ್ಯವಾಗಿ ಗಟ್ಟಿಯಾಗಬೇಕು. ಇಲ್ಲಿ ಅದು ತೆಳುವಾಗಿತ್ತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ನಮ್ಮ ಬಡಾವಣೆಯ ಗ್ಯಾರೇಜಿನ ಮೇಸ್ತ್ರಿಯವರು ಡಿಪ್‌ಸ್ಟಿಕ್ ಅನ್ನು ಎರಡು ಬೆರಳ ನಡುವೆ ಒಮ್ಮೆ ಉಜ್ಜಿ, “ಸಾರ್, ಇದರಲ್ಲಿ ಹಿಡಿತವೇ ಇಲ್ಲ. ದಿನಾ ಎಷ್ಟು ದೂರ ಓಡಿಸುತ್ತೀರಿ?” ಎಂದು ಕೇಳಿದರು. ಅವರು ಕೇಳಿದ್ದು ಆಯಿಲ್‌ನ ಬ್ರಾಂಡ್ ಯಾವುದು ಎಂದಲ್ಲ. ಅದೇ ಸರಿಯಾದ ಪ್ರಶ್ನೆ.

ಡೀಸೆಲ್ ಚೇಂಬರಿಗೆ ಇಳಿದದ್ದು ಹೇಗೆ

2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿಎಸ್6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದಿದೆ, ಡಿಪಿಎಫ್ ಎನ್ನುತ್ತಾರೆ. ಅದು ತುಂಬುತ್ತ ಬಂದಾಗ ಎಂಜಿನ್ನಿನ ಕಂಪ್ಯೂಟರ್ ಆ ಮಸಿಯನ್ನು ಸುಟ್ಟು ಅನಿಲವಾಗಿಸಿ ಹೊರಹಾಕುತ್ತದೆ. ಇದಕ್ಕೆ ರೀಜನರೇಷನ್ ಎಂದು ಹೆಸರು. ಮಸಿ ಉರಿಯಲು ಸುಮಾರು 600 ಡಿಗ್ರಿ ಶಾಖ ಬೇಕು. ಆ ಶಾಖಕ್ಕಾಗಿ ಬಹಳಷ್ಟು ಎಂಜಿನ್‌ಗಳು ಪಿಸ್ಟನ್ ಕೆಳಗಿಳಿಯುತ್ತಿರುವಾಗ, ಮುಖ್ಯ ಉರಿ ಮುಗಿದ ಮೇಲೆ, ತಡವಾಗಿ ಒಂದಿಷ್ಟು ಡೀಸೆಲ್ ಚಿಮ್ಮಿಸುತ್ತವೆ. ಅದು ಹೊಗೆಯ ಜೊತೆ ಹೋಗಿ ಮುಂದೆ ಉರಿಯಬೇಕು. ಆದರೆ ಒಂದು ಪಾಲು ಸಿಲಿಂಡರಿನ ಗೋಡೆಗೆ ತಗುಲಿ, ಪಿಸ್ಟನ್ ರಿಂಗ್ ದಾಟಿ, ಆಯಿಲ್‌ಗೆ ಇಳಿಯುತ್ತದೆ.

ಹೆದ್ದಾರಿಯಲ್ಲಿ ಓಡುವ ಕಾರಿಗೆ ಇದು ತೊಂದರೆಯಲ್ಲ. ಹೊಗೆಕೊಳವೆ ಮೊದಲೇ ಬಿಸಿಯಿರುತ್ತದೆ, ಸುಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ನನ್ನ ಓಡಾಟ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಏಳು ಕಿಲೋಮೀಟರ್, ಅದಕ್ಕೆ ನಲವತ್ತು ನಿಮಿಷ. ರೀಜನರೇಷನ್ ಶುರುವಾದ ಹೊತ್ತಿಗೆ ಕಚೇರಿ ಬರುತ್ತದೆ, ಕಾರು ಆಫ್. ಸಂಜೆ ಮತ್ತೆ ಶುರು, ಮನೆಯ ಗೇಟಿನಲ್ಲಿ ಮತ್ತೆ ಆಫ್. ಪ್ರತಿ ಅರ್ಧಂಬರ್ಧ ಪ್ರಯತ್ನವೂ ಒಂದಿಷ್ಟು ಡೀಸೆಲ್ ಅನ್ನು ಚೇಂಬರಿಗೆ ಇಳಿಸಿ ಹೋಗಿದೆ.

ಇಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಇರುವ ವ್ಯತ್ಯಾಸ ಮನಸ್ಸಿನಲ್ಲಿಡಬೇಕು. ಪೆಟ್ರೋಲ್ ಆಯಿಲ್‌ಗೆ ಸೇರಿದರೂ ಒಂದು ಒಳ್ಳೆಯ ದೂರದ ಓಟದಲ್ಲಿ, ಆಯಿಲ್ 100 ಡಿಗ್ರಿಯ ಆಸುಪಾಸು ಕಾದಾಗ, ಬಹುಪಾಲು ಆವಿಯಾಗಿ ಹೋಗುತ್ತದೆ. ಡೀಸೆಲ್ ಕುದಿಯುವುದೇ ಸುಮಾರು 180ರಿಂದ 360 ಡಿಗ್ರಿಯ ನಡುವೆ. ಒಮ್ಮೆ ಇಳಿದದ್ದು ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ. “ಒಂದು ಸಲ ಮೈಸೂರಿಗೆ ಹೋಗಿಬನ್ನಿ, ಸರಿಹೋಗುತ್ತದೆ” ಎಂಬ ಸಲಹೆ ಜರಡಿಗೆ ಹೊಂದುತ್ತದೆ, ತೆಳುವಾದ ಆಯಿಲ್‌ಗೆ ಹೊಂದುವುದಿಲ್ಲ.

ರೀಜನರೇಷನ್ ನಡೆಯುತ್ತಿದೆ ಎಂದು ತಿಳಿಯುವ ಗುರುತುಗಳಿವೆ. ನಿಂತಲ್ಲಿ ಎಂಜಿನ್ನಿನ ವೇಗ ಮಾಮೂಲಿಗಿಂತ ಹೆಚ್ಚಿರುತ್ತದೆ. ಆ ಕ್ಷಣದ ಮೈಲೇಜ್ ಕುಸಿಯುತ್ತದೆ. ಕಾರು ಆಫ್ ಮಾಡಿ ಇಳಿದಾಗ ರೇಡಿಯೇಟರ್ ಫ್ಯಾನ್ ಜೋರಾಗಿ ಓಡುತ್ತಿರುತ್ತದೆ, ಕಾರಿನ ಕೆಳಗಿನಿಂದ ಸುಟ್ಟ ವಾಸನೆ ಬರುತ್ತದೆ. ನನಗೆ ಎರಡು ತಿಂಗಳಿಂದ ವಾರಕ್ಕೆ ಮೂರು ನಾಲ್ಕು ಸಲ ಆ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಸೆಖೆಗೆ ಎಂದುಕೊಂಡಿದ್ದೆ.

ಹಾಗೆಯೇ ಓಡಿಸಿದರೆ ಏನಾಗುತ್ತದೆ? ತೆಳುವಾದ ಆಯಿಲ್ ಕ್ರ್ಯಾಂಕ್ ಬೇರಿಂಗ್‌ಗಳಲ್ಲಿ ಮತ್ತು ಟರ್ಬೊದಲ್ಲಿ ಲೋಹದಿಂದ ಲೋಹವನ್ನು ದೂರವಿಡುವ ಪದರ ಕಟ್ಟಲಾರದು. ಮಟ್ಟ ತೀರಾ ಏರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯನ್ನು ಪಂಪ್ ಸರಿಯಾಗಿ ತಳ್ಳಲಾರದು. ಎಲ್ಲಕ್ಕಿಂತ ಭಯಂಕರವಾದದ್ದು ಎಂಜಿನ್ನಿನೊಳಗಿನ ಆವಿ ಸಾಗಿಸುವ ಬ್ರೀದರ್ ಕೊಳವೆಯ ಮೂಲಕ ಆಯಿಲ್ ಎಂಜಿನ್ ಎಳೆದುಕೊಳ್ಳುವ ಗಾಳಿಗೆ ಸೇರುವುದು. ಆಗ ಡೀಸೆಲ್ ಎಂಜಿನ್ ತನ್ನದೇ ಆಯಿಲ್ ಉರಿಸಿಕೊಂಡು ಹತೋಟಿ ತಪ್ಪಿ ಓಡುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಮಟ್ಟ ಗುರುತಿಗಿಂತ ಒಂದು ಬೆರಳು ಮೇಲಿರುವ ಡೀಸೆಲ್ ಕಾರನ್ನು ಘಾಟಿ ಹತ್ತಿಸಬೇಡಿ ಎಂದು ನಾನು ಕೈಮುಗಿದು ಹೇಳುವುದು ಈ ಕಾರಣಕ್ಕೆ.

ರಿಪೇರಿಯ ಕ್ರಮ

ಕ್ರಮ ತಪ್ಪಿದರೆ ಎರಡು ಸಲ ಖರ್ಚು. ಮೇಸ್ತ್ರಿಯವರು ಮೊದಲು ಹೆಚ್ಚಾಗಿದ್ದ ಆಯಿಲ್ ಅನ್ನು ಗುರುತಿನ ತನಕ ಇಳಿಸಿದರು. ಆಮೇಲೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಜೋಡಿಸಿ ಜರಡಿಯಲ್ಲಿ ಎಷ್ಟು ಮಸಿಯಿದೆ ಎಂದು ನೋಡಿ ರೀಜನರೇಷನ್ ಪೂರ್ತಿ ಮಾಡಿಸಿದರು. ಅದು ಮುಗಿದ ಮೇಲೆಯೇ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದ್ದು. ಹೊಸ ಆಯಿಲ್ ಸುರಿದು ಆಮೇಲೆ ರೀಜನರೇಷನ್ ಮಾಡಿಸಿದ್ದರೆ ಹೊಸ ಆಯಿಲ್‌ಗೂ ಮೊದಲ ದಿನವೇ ಡೀಸೆಲ್ ಇಳಿಯುತ್ತಿತ್ತು. ಡ್ರೈನ್ ಬೋಲ್ಟ್‌ನ ವಾಷರ್ ಹೊಸದು ಹಾಕಿಸಿ. ಹಳೆಯದು ಒತ್ತಿ ಚಪ್ಪಟೆಯಾಗಿರುತ್ತದೆ, ಅದನ್ನೇ ಬಿಗಿದರೆ ಸೋರುತ್ತದೆ, ಸೋರುವುದನ್ನು ನಿಲ್ಲಿಸಲು ಇನ್ನೂ ಬಿಗಿದರೆ ಅಲ್ಯೂಮಿನಿಯಂ ಚೇಂಬರಿನ ಮರೆ (ಥ್ರೆಡ್) ಹಾಳಾಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಚೇಂಬರ್ ಬದಲಿಸಿದವರನ್ನು ನೋಡಿದ್ದೇನೆ.

ಕೊನೆಗೆ ಸ್ಕ್ಯಾನರಿನಲ್ಲಿ ಆಯಿಲ್ ಬದಲಾವಣೆಯ ಲೆಕ್ಕವನ್ನು ಸೊನ್ನೆಗೆ ತರಬೇಕು. ಕೆಲವು ಬಿಎಸ್6 ಡೀಸೆಲ್‌ಗಳಲ್ಲಿ ಕಂಪ್ಯೂಟರ್ ಆಯಿಲ್‌ಗೆ ಎಷ್ಟು ಇಂಧನ ಸೇರಿರಬಹುದು ಎಂದು ತಾನೇ ಅಂದಾಜು ಮಾಡುತ್ತಿರುತ್ತದೆ. ಸೊನ್ನೆ ಮಾಡದಿದ್ದರೆ ಹೊಸ ಆಯಿಲ್ ಇದ್ದರೂ ಬದಲಿಸಿ ಎನ್ನುವ ದೀಪ ಬರುತ್ತದೆ.

ಇಷ್ಟಾದ ಮೇಲೂ ಮಟ್ಟ ಏರುತ್ತಲೇ ಇದ್ದರೆ? ಆಗ ಓಡಾಟದ ತಪ್ಪಲ್ಲ. ಡೀಸೆಲ್ ಚಿಮ್ಮಿಸುವ ಯಾವುದೋ ಇಂಜೆಕ್ಟರ್ ಸೋರುತ್ತಿರಬಹುದು, ಇಂಜೆಕ್ಟರ್‌ಗಳ ರಿಟರ್ನ್ ಪ್ರಮಾಣ (ಉರಿಯದೆ ಹಿಂದಿರುಗುವ ಡೀಸೆಲ್) ಅಳೆಸಿ. ಒಂದು ಸಿಲಿಂಡರಿನದು ಮಾತ್ರ ಉಳಿದವಕ್ಕಿಂತ ಬೇರೆಯಾಗಿದ್ದರೆ ಅಲ್ಲಿಂದ ಹುಡುಕಾಟ ಶುರು.

ಹಾಗಾದರೆ ಎಷ್ಟು ದಿನಕ್ಕೊಮ್ಮೆ?

ಡಬ್ಬದ ಮೇಲೆ ಪೂರ್ಣ ಸಿಂಥೆಟಿಕ್ ಎಂದು ಬರೆದಿರುವ ಆಯಿಲ್‌ಗಳಲ್ಲಿ ಬಹುಪಾಲು ಕಚ್ಚಾ ತೈಲವನ್ನೇ ಹೈಡ್ರೋಜನ್ ಜೊತೆ ಒತ್ತಡದಲ್ಲಿ ಸಂಸ್ಕರಿಸಿ ಮಾಡಿದ, ಮೂಲ ಎಣ್ಣೆಗಳ ವರ್ಗೀಕರಣದಲ್ಲಿ ಮೂರನೇ ಗುಂಪಿಗೆ ಸೇರುವ ಎಣ್ಣೆ. ರಾಸಾಯನಿಕವಾಗಿ ಕಟ್ಟಿದ ನಾಲ್ಕನೇ ಗುಂಪಿನ ಪಾಲಿ ಆಲ್ಫಾ ಓಲಿಫಿನ್ ಇರುವವು ಕಡಿಮೆ, ಬೆಲೆಯೂ ಹೆಚ್ಚು. ಎರಡೂ ಮಾಮೂಲಿ ಖನಿಜ ಎಣ್ಣೆಗಿಂತ ಶಾಖಕ್ಕೆ ಚೆನ್ನಾಗಿ ತಡೆಯುತ್ತವೆ, ಬೇಗ ಆವಿಯಾಗುವುದಿಲ್ಲ, ಚಳಿಯಲ್ಲಿ ಸಲೀಸಾಗಿ ಹರಿಯುತ್ತವೆ. ಅಂದರೆ ಸಿಂಥೆಟಿಕ್ ಆಯಿಲ್ ತಾನಾಗಿ ಕೆಡುವುದು ನಿಧಾನ. ಆದರೆ ಅದರೊಳಗೆ ಬೀಳುವ ಇಂಧನ, ಮಸಿ, ನೀರು, ದೂಳು ಖನಿಜ ಎಣ್ಣೆಗೆ ಬೀಳುವ ವೇಗದಲ್ಲಿಯೇ ಬೀಳುತ್ತವೆ. ಸಿಂಥೆಟಿಕ್ ಹಾಕಿಸಿದ್ದೇನೆ, 15,000 ಕಿಲೋಮೀಟರ್ ತನಕ ನೋಡಬೇಕಿಲ್ಲ ಎನ್ನುವವರು ಈ ಎರಡನೆಯ ಲೆಕ್ಕ ಬಿಟ್ಟಿರುತ್ತಾರೆ.

ಕಿಲೋಮೀಟರ್ ಬದಲು ಗಂಟೆಯಲ್ಲಿ ಎಣಿಸಿ ನೋಡಿ. ಕಾರಿನ ಮೀಟರಿನಲ್ಲಿ ಸರಾಸರಿ ವೇಗ ತೋರಿಸುವ ಪುಟವಿರುತ್ತದೆ. ಓಡಿದ ದೂರವನ್ನು ಅದರಿಂದ ಭಾಗಿಸಿದರೆ ಎಂಜಿನ್ ದುಡಿದ ಗಂಟೆ ಸಿಗುತ್ತದೆ. ನನ್ನದು ಗಂಟೆಗೆ 16 ಕಿಲೋಮೀಟರ್. 6,400 ಭಾಗಿಸು 16, ಅಂದರೆ 400 ಗಂಟೆ. ಅದೇ 400 ಗಂಟೆ ಹುಬ್ಬಳ್ಳಿ ರಸ್ತೆಯಲ್ಲಿ 60ರ ಸರಾಸರಿಯಲ್ಲಿ ಓಡಿದ್ದರೆ 24,000 ಕಿಲೋಮೀಟರ್ ಆಗುತ್ತಿತ್ತು. 24,000 ಕಿಲೋಮೀಟರ್ ಒಂದೇ ಆಯಿಲ್‌ನಲ್ಲಿ ಓಡಿಸುತ್ತೇನೆ ಎಂದರೆ ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ. ನಾನು ಓಡಿಸಿದ್ದು ಅದನ್ನೇ, ಓಡೊಮೀಟರ್ ಮಾತ್ರ ಹೇಳಿರಲಿಲ್ಲ.

ಪುಸ್ತಕದ 10,000 ಕಿಲೋಮೀಟರನ್ನು ಊರು, ಹೆದ್ದಾರಿ ಬೆರೆತ 40ರ ಸರಾಸರಿಯಿಂದ ಭಾಗಿಸಿದರೆ 250 ಗಂಟೆ. ಇದು ಯಾವ ಕಂಪನಿಯ ನಿಯಮವೂ ಅಲ್ಲ, ನಾನು ಇಟ್ಟುಕೊಂಡ ಅಳತೆಗೋಲು. ಬೆಂಗಳೂರಿನ ದಟ್ಟಣೆಯಲ್ಲಿ ಓಡುವ ನನ್ನ ಕಾರಿಗೆ ಅದು 4,000 ಕಿಲೋಮೀಟರ್. ವಾರಾಂತ್ಯದ ದೂರದ ಓಟಗಳು ಸೇರಿದರೆ 5,000 ಅಥವಾ ಆರು ತಿಂಗಳು. ಚಿತ್ರದುರ್ಗದಿಂದ ದಾವಣಗೆರೆಗೆ ದಿನಾ ಹೆದ್ದಾರಿಯಲ್ಲಿ ಓಡುವವರಿಗೆ ಪುಸ್ತಕದ 10,000 ಧಾರಾಳವಾಗಿ ಸರಿ. ಕಾರನ್ನು ಮನೆಯಲ್ಲಿ ನಿಲ್ಲಿಸಿ ತಿಂಗಳಿಗೆರಡು ಸಲ ತರಕಾರಿಗೆ ಮಾತ್ರ ತೆಗೆಯುವ ಹಿರಿಯರಿಗೆ ದೂರದ ಲೆಕ್ಕವೇ ಬೇಡ, ವರ್ಷಕ್ಕೊಮ್ಮೆ ಬದಲಿಸಲೇಬೇಕು. ಪುಸ್ತಕದ ಕೊನೆಯ ಪುಟಗಳಲ್ಲಿ ಕಠಿಣ ಬಳಕೆ ಎಂಬ ಭಾಗವಿದ್ದರೆ ಓದಿ: ಕಿರು ಓಟ, ನಿಂತಲ್ಲೇ ಓಡುವ ಎಂಜಿನ್, ದೂಳು, ಘಟ್ಟ. ನಮ್ಮಲ್ಲಿ ಬಹುತೇಕರ ಮಾಮೂಲಿ ಬಳಕೆಯೇ ಅದು.

ಆಯಿಲ್ ಇಳಿಯುತ್ತಿದ್ದರೆ

ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಅನೇಕ ಕಾರುಗಳಲ್ಲಿ ಸುಮಾರು ಒಂದು ಲೀಟರ್ ಅಂತರ. ಬೆಳಿಗ್ಗೆ ಕಾರು ತೆಗೆದ ಮೇಲೆ ನೆಲ ನೋಡಿ, ಅಲ್ಲಿ ಕಲೆಯಿದ್ದರೆ ಸೋರಿಕೆ. ನೆಲ ಒಣಗಿದ್ದು, ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದು ಮತ್ತೆ ಅದನ್ನು ಒತ್ತಿದಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ: ವಾಲ್ವ್ ಸೀಲ್ ಅಥವಾ ರಿಂಗ್. ಬದಲಿಸುವ ಅವಧಿ ಮೀರಿಸಿದ ಆಯಿಲ್‌ನ ಮಡ್ಡಿ ರಿಂಗ್‌ನ ಕಾಲುವೆಯಲ್ಲಿ ಕಟ್ಟಿಕೊಂಡು ರಿಂಗ್ ಅಂಟಿಕೊಳ್ಳುವುದು ಇದಕ್ಕೆ ಸಾಮಾನ್ಯ ಕಾರಣ. ಕಡಿಮೆಯಾದಷ್ಟು ಹೊಸ ಆಯಿಲ್ ಸುರಿಯುತ್ತ ಓಡಿಸಿದರೆ ಬದಲಿಸಿದ ಹಾಗಾಗುವುದಿಲ್ಲ, ಹಳೆಯ ಮಸಿ ಅಲ್ಲೇ ಇರುತ್ತದೆ.

ಮುಚ್ಚಳದ ಕೆಳಗೆ ಬೆಣ್ಣೆಯಂಥದ್ದು

ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಬೆಣ್ಣೆಯ ಬಣ್ಣದ ಲೋಳೆ ಕಾಣುವುದುಂಟು. ಹೆಡ್ ಗ್ಯಾಸ್ಕೆಟ್ (ಕೂಲಂಟ್ ಆಯಿಲ್‌ಗೆ ಬೆರೆಯದಂತೆ ತಡೆಯುವ ಎಂಜಿನ್ನಿನ ಹಾಳೆ) ಹೋಯಿತು ಎಂದು ಹೆದರಿಸಿ ಎಂಜಿನ್ ಬಿಚ್ಚುವವರೂ ಇದ್ದಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಅದರಲ್ಲಿ ಅಲ್ಪ ಪಾಲು ಚೇಂಬರಿಗೆ ನುಸುಳಿ ತಣ್ಣನೆಯ ಮುಚ್ಚಳಕ್ಕೆ ಅಂಟುತ್ತದೆ. ಎರಡು ಮೂರು ಕಿಲೋಮೀಟರಿನ ಓಟದಲ್ಲಿ ಅದು ಆರಲು ಸಮಯವೇ ಸಿಗುವುದಿಲ್ಲ. ಡಿಪ್‌ಸ್ಟಿಕ್‌ನ ಆಯಿಲ್ ಶುಭ್ರವಾಗಿದ್ದು ಕೂಲಂಟ್ ಮಟ್ಟ ಇಳಿಯದಿದ್ದರೆ ಮುಚ್ಚಳ ಒರೆಸಿ, ಒಂದು ಗಂಟೆ ದೂರ ಓಡಿಸಿ, ಮತ್ತೆ ನೋಡಿ. ಡಿಪ್‌ಸ್ಟಿಕ್‌ನಲ್ಲೂ ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದು, ಕೂಲಂಟ್ ಇಳಿಯುತ್ತಿದ್ದು, ಬಿಳಿ ಹೊಗೆಯಲ್ಲಿ ಸಿಹಿ ವಾಸನೆಯಿದ್ದರೆ ಮಾತ್ರ ಗ್ಯಾಸ್ಕೆಟ್ ಅನುಮಾನಿಸಿ. ಆಗ ಕಾರು ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡು ಹೋಗಿ.

ಕೆಂಪು ದೀಪ ಮತ್ತು ಟಕ್ ಟಕ್

ಕೆಂಪು ಆಯಿಲ್ ದೀಪ ಮಟ್ಟ ಕಡಿಮೆಯಾಗಿದೆ ಎಂದು ಹೇಳುವುದಲ್ಲ, ಒತ್ತಡ ಇಲ್ಲ ಎಂದು ಹೇಳುವುದು. ಓಟದಲ್ಲಿ ಅದು ಹತ್ತಿದರೆ ಪಕ್ಕಕ್ಕೆ ತೆಗೆದು ತಕ್ಷಣ ಎಂಜಿನ್ ಆಫ್ ಮಾಡಿ, ಮುಂದಿನ ಬಂಕ್ ತನಕ ಎಂದು ಯೋಚಿಸಬೇಡಿ. ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಮಿನುಗಿ, ಆಕ್ಸಿಲರೇಟರ್ ಮುಟ್ಟಿದೊಡನೆ ಆರಿದರೆ ಆಯಿಲ್ ತೆಳುವಾಗಿರುವ ಸಂಭವ ಹೆಚ್ಚು, ಮೊದಲು ಮೇಲಿನ ತಟ್ಟೆ ಪರೀಕ್ಷೆ ಮಾಡಿ. ಹೊಸ ಆಯಿಲ್ ಹಾಕಿಯೂ ಮಿನುಗಿದರೆ ಒತ್ತಡವನ್ನು ಗೇಜ್ ಹಾಕಿ ಅಳೆಸಿ. ದೀಪದ ಸ್ವಿಚ್ಚೇ ಕೆಟ್ಟಿರಬಹುದು, ಪಂಪಿನ ಜಾಲರಿ ಮಡ್ಡಿಯಿಂದ ಕಟ್ಟಿರಬಹುದು. ಗೇಜ್ ಇಲ್ಲದೆ ಇದನ್ನು ಊಹಿಸಬಾರದು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಟಕ್ ಟಕ್ ಎಂದು ಆಮೇಲೆ ನಿಂತರೆ ಫಿಲ್ಟರ್ ನೋಡಿ. ಒಳ್ಳೆಯ ಫಿಲ್ಟರಿನಲ್ಲಿ ಆಯಿಲ್ ರಾತ್ರಿಯಿಡೀ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಕವಾಟ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಗಟ್ಟಿಯಾಗಿ ಸೋರುತ್ತದೆ.

ಇನ್ನು ಬಣ್ಣ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಅದು ಮಸಿಯನ್ನು ತೇಲಿಸಿ ಇಟ್ಟುಕೊಳ್ಳುವ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಬಣ್ಣ ನೋಡಿ ಬದಲಿಸುವುದೂ ತಪ್ಪು, ಬಣ್ಣ ಚೆನ್ನಾಗಿದೆ ಎಂದು ಬಿಡುವುದೂ ತಪ್ಪು.

ಆಯಿಲ್ ಆರಿಸುವಾಗಿನ ದೋಷಗಳು

ಡಿಪಿಎಫ್ ಇರುವ ಡೀಸೆಲ್‌ಗೆ ಕಡಿಮೆ ಬೂದಿಯ ಆಯಿಲ್ ಬೇಕು. ಪುಸ್ತಕದಲ್ಲಿ ಯುರೋಪಿನ ದರ್ಜೆಗಳಾದ ಎಸಿಇಎ ಸಿ2, ಸಿ3 ಎಂಬಂಥ ಗುರುತಿರುತ್ತದೆ. ಮಸಿಯನ್ನು ಸುಡಬಹುದು, ಆಯಿಲ್‌ನ ಬೂದಿಯನ್ನು ಸುಡಲಾಗುವುದಿಲ್ಲ, ಅದು ಜರಡಿಯಲ್ಲಿ ಉಳಿದೇ ಬಿಡುತ್ತದೆ. ದುಬಾರಿ ಸಿಂಥೆಟಿಕ್ ಆದರೂ ಈ ಗುರುತು ಇಲ್ಲದಿದ್ದರೆ ಬೇಡ. ಜರಡಿಯ ಬೆಲೆಯ ಮುಂದೆ ಆಯಿಲ್‌ನ ಬೆಲೆ ಏನೂ ಅಲ್ಲ. ಪೆಟ್ರೋಲ್ ಟರ್ಬೊ ಕಾರುಗಳಿಗೆ 2020ರಲ್ಲಿ ಬಂದ ಅಮೆರಿಕದ ದರ್ಜೆ ಎಪಿಐ ಎಸ್‌ಪಿ ಅಥವಾ ಅದಕ್ಕಿಂತ ಹೊಸ ದರ್ಜೆ ನೋಡಿ. 0ಡಬ್ಲ್ಯು-20 ಎಂಬ ತೆಳುವಾದ ಆಯಿಲ್ ಕೇಳಿದ ಎಂಜಿನ್‌ಗೆ ನಮ್ಮ ಊರಿನ ಬಿಸಿಲಿಗೆ ಗಟ್ಟಿ ಇರಲಿ ಎಂದು 15ಡಬ್ಲ್ಯು-40 ಸುರಿಯುವುದು ನಮ್ಮಲ್ಲಿ ಹಳೆಯ ಚಾಳಿ. ಆ ಎಂಜಿನ್ನಿನ ಸಂದುಗಳು ಮತ್ತು ಪಂಪ್ ತೆಳುವಾದ ಆಯಿಲ್‌ಗೆಂದೇ ಅಳತೆಯಿಟ್ಟವು.

ಬೈಕಿನವರಿಗೆ ಒಂದೇ ಮಾತು. ಗೇರ್ ಬೈಕುಗಳಲ್ಲಿ ಕ್ಲಚ್ ಪ್ಲೇಟ್ ಸಾಮಾನ್ಯವಾಗಿ ಎಂಜಿನ್ ಆಯಿಲ್‌ನಲ್ಲಿಯೇ ಮುಳುಗಿರುತ್ತದೆ. ಕಾರಿನ ಸಿಂಥೆಟಿಕ್ ಆಯಿಲ್ ಹಾಕಿದ ಮೇಲೆ ಏರಿನಲ್ಲಿ ಎಂಜಿನ್ ಕೂಗುತ್ತದೆ ಆದರೆ ಬೈಕು ಮುಂದೆ ಹೋಗುತ್ತಿಲ್ಲ ಎಂದಾದರೆ ಪ್ಲೇಟ್ ಬದಲಿಸುವ ಮೊದಲು ಆಯಿಲ್ ಬದಲಿಸಿ. ಡಬ್ಬದ ಮೇಲೆ ಬೈಕ್ ಆಯಿಲ್‌ನ ಜಪಾನಿ ದರ್ಜೆಯಾದ ಜಾಸೊ ಎಂಎ ಅಥವಾ ಎಂಎ2 ಎಂದಿರಬೇಕು.

ಖಾಲಿ ಡಬ್ಬವನ್ನು ಎಸೆಯುವ ಮುನ್ನ ಅದಕ್ಕೊಂದು ತೂತು ಕೊರೆಯಿರಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಹರಿಯದ ಡಬ್ಬವೇ.

ನನ್ನ ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಈಗ ಒಂದು ಚಿಕ್ಕ ನೋಟ್‌ಬುಕ್ ಇದೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ದಿನಾಂಕ, ಓಡಿದ ದೂರ, ಸರಾಸರಿ ವೇಗ, ಡಿಪ್‌ಸ್ಟಿಕ್‌ನ ಮಟ್ಟ ಬರೆಯುತ್ತೇನೆ. ಫ್ಯಾನ್ ಓಡುವ ಸದ್ದು ಕೇಳಿಸಿದ ದಿನ ಕಾರನ್ನು ಆಫ್ ಮಾಡದೆ ನೈಸ್ ರಸ್ತೆಯಲ್ಲಿ ಇಪ್ಪತ್ತೈದು ನಿಮಿಷ ಒಂದೇ ವೇಗದಲ್ಲಿ ಓಡಿಸಿ ಬರುತ್ತೇನೆ. ಹೊಸ ಆಯಿಲ್ ಹಾಕಿ 3,100 ಕಿಲೋಮೀಟರ್ ಆಗಿದೆ, 172 ಗಂಟೆ. ಮೊನ್ನೆ ಭಾನುವಾರದ ಮಟ್ಟ ಮೇಲಿನ ಗುರುತಿಗಿಂತ ಎರಡು ಮಿಲಿಮೀಟರ್ ಕೆಳಗೆ. ಸರ್ವಿಸ್ ಆದ ಮರುದಿನದ ಫೋಟೊದಲ್ಲೂ ಅಷ್ಟೇ ಇದೆ.